ಕೊರಿಮೀಲಾ: ರೆಸಾರ್ಟ್ ಅನ್ಕೊಂಡು ಹೋಗ್ಬೇಡಿ

ಉತ್ತರ ಐರ್ಲೆಂಡಿನ ಬ್ಯಾಲಿಕ್ಯಾಸಲ್ ಹತ್ರ ಸಮುದ್ರದ ಪಕ್ಕ ಎತ್ತರದಲ್ಲಿದೆ, ಜಗಳ ಇರೋ ಸಮುದಾಯಗಳನ್ನ ಹತ್ರ ತರೋ ಈ ಶಾಂತಿ ಕೇಂದ್ರ, ಎದುರಿಗೆ ರ‍್ಯಾತ್ಲಿನ್ ದ್ವೀಪ, ವ್ಯೂ ಬಗ್ಗೆ ಎರಡು ಮಾತಿಲ್ಲ. ರೇ ಡೇವಿ ಅನ್ನೋ ಪಾದ್ರಿ 1965ರಲ್ಲಿ ಶುರು ಮಾಡಿದ್ದು, ಅಂದ್ರೆ ಅಲ್ಲಿ ಕ್ಯಾಥೊಲಿಕ್-ಪ್ರಾಟೆಸ್ಟಂಟ್ ಗಲಭೆ ಭುಗಿಲೇಳೋಕೆ ಮುಂಚೇನೇ, ಎರಡನೇ ಮಹಾಯುದ್ಧದಲ್ಲಿ ಸೆರೆಯಾಗಿದ್ದಾಗ ಡ್ರೆಸ್ಡನ್ ಬಾಂಬ್ ದಾಳಿ ಕಣ್ಣಾರೆ ಕಂಡಿದ್ದ ಮನುಷ್ಯ ಆತ, ಸುಮ್ನೆ ಭಾಷಣಕ್ಕೆ ಮಾಡಿದ್ದಲ್ಲ.

ನಂಗೆ ಇಷ್ಟ ಆಗಿದ್ದು ಊಟದ ಹೊತ್ತು. ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಅಂತ ಬೇರೆ ಟೇಬಲ್ ಇಲ್ಲ, ಗುಂಪಾಗಿ ಬಂದ ಹುಡುಗ್ರು ಒಟ್ಟಿಗೆ ತಿಂದು ತಟ್ಟೆ ಎತ್ತಿಡ್ತಾ ಒಬ್ರನ್ನೊಬ್ರು ರೇಗಿಸ್ತಿರ್ತಾರೆ, ಸೆಷನ್‌ಗಿಂತ ಅಲ್ಲೇ ಜಾಸ್ತಿ ಕೆಲ್ಸ ಆಗತ್ತೆ ಅನ್ಸತ್ತೆ ನಂಗೆ.

ಆದ್ರೆ ಮನೆಗೆ ಹೋದ್ಮೇಲೆ? ಎರಡೂ ಕಡೆ ಮಕ್ಳು ಒಟ್ಟಿಗೆ ಓದ್ಲಿ ಅಂತ 1981ರಲ್ಲಿ ಬೆಲ್‌ಫಾಸ್ಟಲ್ಲಿ ಲಗಾನ್ ಕಾಲೇಜ್ ಅನ್ನೋ ಸ್ಕೂಲು 28 ಮಕ್ಕಳಿಂದ ಶುರುವಾಯ್ತು, ಆದ್ರೂ ಇವತ್ತಿಗೂ ಹೆಚ್ಚಿನವ್ರು ಓದೋದು ಬೇರೆ ಬೇರೆ ಸ್ಕೂಲಲ್ಲೇ, 1998ರ ಶಾಂತಿ ಒಪ್ಪಂದ ಆದ್ಮೇಲೂ ಎರಡೂ ಕಡೆಯವ್ರ ಏರಿಯಾಗಳ ಮಧ್ಯೆ ಕಟ್ಟಿದ ಗೋಡೆಗಳು ನಿಂತೇ ಇವೆ. ವೀಕೆಂಡ್ ಕ್ಯಾಂಪ್ ಒಂದ್ರಿಂದ ಇದೆಲ್ಲ ಸರಿಹೋಗಲ್ಲ ಬಿಡಿ.

ಗುಂಪಾಗಿ ಹೋಗೋದಾದ್ರೆ ಮೊದ್ಲೇ ಬುಕ್ ಮಾಡಿ, ದಪ್ಪ ಜರ್ಕಿನ್ ಇಟ್ಕೊಳ್ಳಿ, ಗಾಳಿ ಅಂದ್ರೆ ಗಾಳಿ.