ಮಿನಿ ವುಡ್ ಲೇತ್: ಮೆಷಿನ್ ಓಕೆ, ಟೂಲ್ ರೆಸ್ಟ್ ಬಗ್ಗೆ ಮಾತ್ರ ಕೇಳ್ಬೇಡಿ

ಮೊದಲು ಬೈಯೋದು ಬೈದು ಮುಗಿಸ್ಬಿಡ್ತೀನಿ. ಈ ಲೇತ್, ಅಂದ್ರೆ ಮರ ತಿರುಗಿಸ್ತಾ ಉಳಿಯಲ್ಲಿ ಕಡೆಯೋ ಮೆಷಿನ್, ಮಾಡಿದೋರು ಮೋಟರ್‌ಗೆ ತಲೆ ಓಡಿಸಿದಾರೆ, ಡಿಸ್‌ಪ್ಲೇಗೆ ಓಡಿಸಿದಾರೆ, ಬಣ್ಣಕ್ಕೂ ಓಡಿಸಿದಾರೆ, ಆದ್ರೆ ಕೈ ಇಟ್ಟು ಕೆಲಸ ಮಾಡೋ ಜಾಗ ಒಂದಿದೆಯಲ್ಲ, ಟೂಲ್ ರೆಸ್ಟ್, ಅದನ್ನ ಯಾರೋ ಶನಿವಾರ ಸಂಜೆ ಮನೆಗೆ ಹೋಗೋ ಅರ್ಜೆಂಟಲ್ಲಿ ಮಾಡಿ ಎಸೆದಿದಾರೆ.

ಬ್ರಾಂಡ್ ಹೆಸರು ಹಾಕಲ್ಲ, ಹಾಕಿದ್ರೂ ಉಪಯೋಗ ಇಲ್ಲ, ಇದೇ ಮೆಷಿನ್ನು ಹಸಿರು ನೀಲಿ ಕೆಂಪು ಅಂತ ನಾಕಾರು ಬಣ್ಣದಲ್ಲಿ ನಾಕಾರು ಹೆಸರಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತೆ. ಎಷ್ಟು ಇಂಚು, ಎಷ್ಟು ವಾಟ್ ಎಲ್ಲ ಲಿಸ್ಟಿಂಗಲ್ಲೇ ಇದೆ, ನೋಡ್ಕೊಳ್ಳಿ. ನಾನು ಬ್ಯಾಂಕಿಂದ ರಿಟೈರ್ ಆದ್ಮೇಲೆ ತಗೊಂಡಿದ್ದು, ಲೇತ್‌ಗೇ 35,000 ಆಸುಪಾಸು ಆಯ್ತು, ಎರಡು ವರ್ಷ ದಾಟಿದೆ. ರಿಟೈರ್‌ಮೆಂಟ್ ದುಡ್ಡಲ್ಲಿ ಎಲ್ರೂ ಬಳೆ ಮಾಡಿಸ್ಕೋ ಅಂದ್ರು, ನಾನು ಇದ್ದ ಬಳೆ ಬಿಚ್ಚಿಟ್ಟು ಇದರ ಮುಂದೆ ನಿಂತೆ. ಮೈಸೂರಲ್ಲಿ ಮನೆ, ಹಿಂದುಗಡೆ ಮೊದಲು ಸ್ಕೂಟರ್ ನಿಲ್ಲಿಸ್ತಿದ್ದ ಶೆಡ್ಡೇ ಈಗ ನನ್ನ ವರ್ಕ್‌ಶಾಪು.

ಟೂಲ್ ರೆಸ್ಟ್ ಅಂದ್ರೆ ಗೊತ್ತಿಲ್ದೋರಿಗೆ ಹೇಳ್ತೀನಿ. ಮರ ತಿರುಗ್ತಾ ಇರುತ್ತೆ, ಉಳಿ ನಿಮ್ಮ ಕೈಯಲ್ಲಿರುತ್ತೆ, ಉಳಿಯ ಬೆನ್ನು ಒರಗೋಕೆ ಮಧ್ಯದಲ್ಲಿ ಒಂದು ಕಬ್ಬಿಣದ ಅಡ್ಡಪಟ್ಟಿ, ಅಷ್ಟೇ. ಆದ್ರೆ ಉಳಿ ಅದರ ಮೇಲೆ ಜಾರ್ಕೊಂಡು ಹೋಗ್ಬೇಕು, ಹೋಗೋ ದಾರಿಯಲ್ಲಿ ಒಂದು ಸಣ್ಣ ಕಚ್ಚು ಇದ್ರೂ ಉಳಿ ಅಲ್ಲಿ ತಡೆಯುತ್ತೆ, ತಡೆದ್ರೆ ಕಡೀತಿರೋ ಲಟ್ಟಣಿಗೆ ಮೇಲೆ ಅದೇ ಜಾಗದಲ್ಲಿ ಒಂದು ಉಬ್ಬು. ಇವರು ಕೊಟ್ಟಿರೋದು ಮೆತ್ತನೆ ಎರಕದ ಕಬ್ಬಿಣ, ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಉಳಿ ಅದಕ್ಕಿಂತ ಗಟ್ಟಿ, ಹಾಗಾಗಿ ಉಳಿ ತಗಲಿದ ಕಡೆಯೆಲ್ಲ ರೆಸ್ಟಿಗೇ ಕಚ್ಚು ಬೀಳುತ್ತೆ. ಫೈಲ್ ಹಾಕಿ ಉಜ್ಜು, ಮೇಣದಬತ್ತಿ ಸವರು, ಚೆನ್ನಾಗಿ ಜಾರುತ್ತೆ, ವಾರದಲ್ಲಿ ಮತ್ತೆ ಅದೇ ಕಥೆ.

ಅದಾದ್ರೂ ಸಹಿಸ್ಕೋಬಹುದು. ರೆಸ್ಟನ್ನ ಹಿಡ್ಕೊಂಡಿರೋ ಬ್ಯಾಂಜೊ ಇನ್ನೊಂದು ತಲೆನೋವು. ಅದರ ಲಾಕ್ ಹ್ಯಾಂಡಲ್ ಪೂರ್ತಿ ಬಿಗಿಯಾಗೋ ಮುಂಚೆನೇ ಮೆಷಿನ್ನಿನ ಅಡಿಯ ಉದ್ದ ಹಳಿಗೆ, ಅಂದ್ರೆ ಬೆಡ್‌ಗೆ ಹೋಗಿ ಬಡಿಯುತ್ತೆ, ಅಂದ್ರೆ ನಿಮಗೆ ಬಿಗಿಯಾಯ್ತು ಅನ್ಸುತ್ತೆ, ಆಗಿರಲ್ಲ, ಉಳಿ ಸ್ವಲ್ಪ ಒತ್ತಿದ ತಕ್ಷಣ ಇಡೀ ಬ್ಯಾಂಜೊ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ವಿಡಿಯೋ ಕಳ್ಸಿ ಅಂದ್ರು, ಕಳ್ಸಿದೆ, "ನಾರ್ಮಲ್ ಇದೆ ಮೇಡಂ" ಅಂತ ಉತ್ತರ ಬಂತು. ನಾರ್ಮಲ್ ಅಂತೆ! ಕೊನೆಗೆ ಅಡಿಯಲ್ಲಿರೋ ಕ್ಲ್ಯಾಂಪ್ ಪ್ಲೇಟಿನ ನಟ್ ಬಿಚ್ಚಿ ಒಂದು ದಪ್ಪ ವಾಷರ್ ಸೇರಿಸಿದ್ಮೇಲೆ ಹ್ಯಾಂಡಲ್ ಬೇರೆ ಕೋನದಲ್ಲಿ ನಿಲ್ಲೋಕೆ ಶುರುವಾಯ್ತು, ಆ ತೊಂದ್ರೆ ಹೋಯ್ತು. ಎರಡು ರೂಪಾಯಿ ವಾಷರ್ ಸ್ವಾಮಿ, ಫ್ಯಾಕ್ಟರಿಯಲ್ಲೇ ಹಾಕಿ ಕಳ್ಸೋಕೆ ಏನು ಕಷ್ಟ.

ರೆಸ್ಟ್‌ಗೆ ಪರಿಹಾರ ಸಿಕ್ಕಿದ್ದು ನಮ್ಮೂರಿನ ಒಂದು ಲೇತ್ ವರ್ಕ್‌ಶಾಪಲ್ಲಿ, ಕಬ್ಬಿಣದ ಲೇತ್ ಇಟ್ಕೊಂಡಿರೋರು. ಹೋದಾಗ ಮಗನಿಗೋ ಅಳಿಯನಿಗೋ ಅಂತ ಕೇಳಿದ್ರು, ನನಗೇ ಅಂದೆ, ಕೂರೋಕೆ ಸ್ಟೂಲ್ ಕೊಟ್ರು. ಹಳೇ ಬೈಕ್ ಶಾಕ್ ಅಬ್ಸಾರ್ಬರಿನ ಗಟ್ಟಿ ರಾಡನ್ನ ಒಂದು ಪಟ್ಟಿ ಮೇಲೆ ವೆಲ್ಡ್ ಮಾಡಿ, ನನ್ನ ಬ್ಯಾಂಜೊದ 25 ಎಂಎಂ ತೂತಿಗೆ ಸರಿಯಾಗಿ ಕಾಲು ಕಡೆದು ಕೊಟ್ರು. ಅವತ್ತಿಂದ ಉಳಿ ನೀರಿನ ಹಾಗೆ ಜಾರುತ್ತೆ. ಇದನ್ನ ಓದಿ ಮೆಷಿನ್ ತಗೊಳ್ಳೋರು ಇದ್ರೆ ಈ ಖರ್ಚನ್ನೂ ಬಜೆಟ್‌ನಲ್ಲಿ ಸೇರಿಸ್ಕೊಳ್ಳಿ.

ಜೊತೆಗೆ ಬರೋ "ಫ್ರೀ" ಉಳಿ ಸೆಟ್ಟನ್ನ ಪಕ್ಕಕ್ಕಿಡಿ. ಅದು ಕಾರ್ಬನ್ ಸ್ಟೀಲು, ಗ್ರೈಂಡರಲ್ಲಿ ಸಾಣೆ ಹಿಡಿಯೋವಾಗ ತುದಿ ನೀಲಿಗೆ ತಿರುಗಿದ್ರೆ ಗಟ್ಟಿತನ ಹೋಯ್ತು ಅಂತಲೇ ಲೆಕ್ಕ. ದುಡ್ಡು ಇರೋದೇ ಇಷ್ಟು ಅಂದ್ರೆ ಎಚ್‌ಎಸ್‌ಎಸ್‌ನಲ್ಲಿ ಒಂದು ರಫಿಂಗ್ ಗೌಜ್ (ಒರಟು ಮರನ ಗುಂಡಗೆ ಮಾಡೋ ಉಳಿ), ಒಂದು ಸ್ಪಿಂಡಲ್ ಗೌಜ್ (ತಗ್ಗು, ತಿರುವು ಕಡೆಯೋದು), ಒಂದು ಸ್ಕ್ಯೂ (ಓರೆ ಬಾಯಿಯ ಉಳಿ), ಒಂದು ಪಾರ್ಟಿಂಗ್ ಟೂಲ್ (ಕತ್ತರಿಸಿ ಬೇರೆ ಮಾಡೋದು), ಇಷ್ಟು ಸಾಕು. ಬಟ್ಟಲು ಕಡೆಯೋ ಆಸೆ ಇದ್ರೆ ಬೌಲ್ ಗೌಜ್ ಬೇರೆ ಬೇಕು. ರಫಿಂಗ್ ಗೌಜನ್ನ ಬಟ್ಟಲಿಗೆ ಹಾಕ್ಬೇಡಿ, ಅದರ ಬುಡ ತೆಳ್ಳಗಿರುತ್ತೆ, ಮರ ಕಚ್ಕೊಂಡ್ರೆ ಅಲ್ಲೇ ಮುರಿಯುತ್ತೆ.

ಬೈಗುಳ ಇಲ್ಲಿಗೆ ಸಾಕು, ಯಾಕಂದ್ರೆ ಇಷ್ಟೆಲ್ಲ ಆದ್ಮೇಲೂ ನಾನು ಈ ಮೆಷಿನ್ನನ್ನ ಮಾರಿಲ್ಲ, ಮಾರೋದೂ ಇಲ್ಲ. ಅದಕ್ಕೆ ಕಾರಣ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣ, ಹೊಳಪು ಕೊಡುತ್ತಲ್ಲ, ಅದು.

ತಗೊಂಡಾಗ ಅರಗಿನ ಯೋಚನೆನೇ ನನಗಿರಲಿಲ್ಲ. ಕಡೆದು, ಸ್ಯಾಂಡ್‌ಪೇಪರ್ ಹೊಡೆದು, ಎಣ್ಣೆನೋ ಪಾಲಿಶೋ ಹಚ್ಚಿ ಒಣಗೋಕೆ ಇಡ್ತಿದ್ದೆ, ಒಣಗೋದ್ರೊಳಗೆ ಅದರ ಮೇಲೆ ಶೆಡ್ಡಿನ ಧೂಳೆಲ್ಲ ಕೂತಿರೋದು. ಒಂದ್ಸಲ ಬೆಂಗಳೂರಿಗೆ ಹೋಗೋವಾಗ ಚನ್ನಪಟ್ಟಣದಲ್ಲಿ ಟ್ರೈನ್ ಇಳಿದು ಒಬ್ಬರು ಗೊಂಬೆ ಮಾಡೋರ ಹತ್ರ ನಿಂತು ನೋಡಿದೆ. (ರೋಡಲ್ಲಿ ಹೋಗೋರು ಈಗ ಊರೊಳಗೆ ಬರಲ್ಲ, 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಬೈಪಾಸಲ್ಲೇ ಹೊರಟೋಗ್ತಾರೆ, ಹಳೇ ರೋಡಿನ ಗೊಂಬೆ ಅಂಗಡಿಗಳಿಗೆ ವ್ಯಾಪಾರ ಕಮ್ಮಿ ಆಗಿದೆ. ನೀವು ಆ ಕಡೆ ಹೋದ್ರೆ ದಯವಿಟ್ಟು ಒಳಗೆ ಹೋಗಿ.) ತಿರುಗ್ತಾ ಇರೋ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಹಿಡಿದ್ರು, ಬೆಂಕಿ ಇಲ್ಲ ಏನಿಲ್ಲ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟ್ಕೊಂಡ್ತು, ಆಮೇಲೆ ಕೇದಗೆ ಎಲೆ ಮಡಚಿ ಒತ್ತಿ ಹಿಡಿದ್ರು ನೋಡಿ, ಗೀರುಗೀರಾಗಿದ್ದ ಬಣ್ಣ ಹರಡ್ಕೊಂಡು ಕನ್ನಡಿ. ಹಚ್ಚಿ ಕಾಯೋದೇ ಇಲ್ಲ, ಲೇತಿಂದ ಇಳಿಸೋ ಹೊತ್ತಿಗೆ ಸಾಮಾನು ರೆಡಿ. ನಾನೂ ಮನೆಯಲ್ಲಿ ಮಾಡ್ಬಹುದಾ ಅಂದೆ. "ಯಾಕಾಗಲ್ಲ ಅಮ್ಮ, ಸ್ಪೀಡ್ ಇರ್ಲಿ, ಕಡ್ಡಿನ ಒಂದೇ ಕಡೆ ಒತ್ಬೇಡಿ, ಬಿಸಿ ಅದೇ ಮಾಡ್ಕೊಳ್ತದೆ" ಅಂತ ಹೇಳಿ ಕೆಂಪು, ಹಳದಿ, ಕಪ್ಪು ಕಡ್ಡಿ ಕಟ್ಟಿಕೊಟ್ರು.

ಇಲ್ಲೇ ಈ ಮೆಷಿನ್ನಿಗೆ ನಾನು ಶಭಾಸ್ ಅನ್ನೋದು. ಸ್ಪೀಡ್ ನಾಬ್ ತುಂಬಾ ನುಣುಪಾಗಿ ಏರುತ್ತೆ, ಇಳಿಯುತ್ತೆ, ಅರಗಿಗೆ ಅದೇ ಬೇಕು. ನಿಧಾನ ಆದ್ರೆ ಅರಗು ಕರಗಲ್ಲ, ಪುಡಿಪುಡಿಯಾಗಿ ಉದುರುತ್ತೆ. ತೀರಾ ಜೋರಾದ್ರೆ ಒಂದೇ ಕಡೆ ಗುಡ್ಡೆಯಾಗಿ ಕೂರುತ್ತೆ. ಮಧ್ಯದಲ್ಲೊಂದು ಸ್ಪೀಡ್ ಇದೆ, ಕಡ್ಡಿ ಹಿಡಿದ ಬೆರಳಿಗೆ ಮೊದಲು ಗರಗರ ಅನ್ಸೋದು ಇದ್ದಕ್ಕಿದ್ದಂಗೆ ನಿಂತು ಮೆತ್ತಗಾಗುತ್ತೆ, ಸಣ್ಣಗೆ ಅರಗಿನ ವಾಸನೆ ಬರುತ್ತೆ, ಆಗ ಕಡ್ಡಿನ ಎಡಕ್ಕೂ ಬಲಕ್ಕೂ ಆಡಿಸ್ತಾ ಹೋಗ್ಬೇಕು. ಕೇದಗೆ ಎಲೆ ಕುಂದಾಪುರದಿಂದ ನಾದಿನಿ ಕಳಿಸ್ತಾಳೆ, ಅಂಚಿನ ಮುಳ್ಳು ಸವರಿ ಒಣಗಿಸಿ ಸುರುಳಿ ಮಾಡಿ ಇಟ್ಕೊಂಡಿದೀನಿ. ಬಟ್ಟೆಯಲ್ಲೂ ಟ್ರೈ ಮಾಡಿದೆ, ಆ ಹೊಳಪು ಬರಲ್ಲ, ಅಲ್ದೆ ತಿರುಗೋ ಮರದ ಹತ್ರ ಬಟ್ಟೆ ಸುತ್ಕೊಂಡ್ರೆ ಬೆರಳೂ ಜೊತೆಗೆ ಹೋಗುತ್ತೆ.

ಮರದ ವಿಷಯ. ಚನ್ನಪಟ್ಟಣದೋರು ಹೆಚ್ಚಾಗಿ ಬಳಸೋದು ಆಲೆ ಮರ, ಬೆಳ್ಳಗೆ, ನಯವಾದ ಎಳೆ, ಅರಗು ಅದರ ಮೇಲೆ ಕೂತ ಹಾಗೆ ಬೇರೆ ಯಾವುದರ ಮೇಲೂ ಕೂರಲ್ಲ. ತೇಗ ಅಂತ ಆಸೆ ಪಡ್ಬೇಡಿ, ಅದರಲ್ಲಿ ಸಿಲಿಕಾ ಇರೋದ್ರಿಂದ ಉಳಿಯ ಬಾಯಿ ಬೇಗ ಹೋಗುತ್ತೆ, ಬೆಲೆನೂ ಪೆನ್ಷನ್‌ಗೆ ಹೊಂದಲ್ಲ. ಹಲಸು ನನಗೆ ಇಷ್ಟ, ಕಡೆಯೋವಾಗ ಅರಿಶಿನದ ಬಣ್ಣ, ಬೆಳಕು ತಾಗ್ತಾ ತಾಗ್ತಾ ಕಂದಾಗುತ್ತೆ, ಅದಕ್ಕೆ ಅರಗು ಬೇಡ, ಎಣ್ಣೆ ಸಾಕು. ಪಕ್ಕದ ಮನೆಯೋರು ಮಾವಿನ ಕೊಂಬೆ ಕಡಿಸಿದ್ರೆ ಈಗ ಮೊದಲು ನನ್ನನ್ನ ಕರೀತಾರೆ. ಹಸಿ ಮರದ ತುಂಡಿನ ಎರಡೂ ತುದಿಗೆ ಮೇಣ ಹಚ್ಚಿ ನೆರಳಲ್ಲಿಡಿ, ಇಲ್ಲಾಂದ್ರೆ ತುದಿ ಬೇಗ ಒಣಗಿ ಸೀಳುತ್ತೆ. ಅರಗು ಹಾಕೋದಿದ್ರೆ ಮಾತ್ರ ಪೂರ್ತಿ ಒಣಗಿರಲೇಬೇಕು.

ಬೆಳಿಗ್ಗೆ ಕಾಫಿ ಪೇಪರ್ ಮುಗಿದ್ಮೇಲೆ ಶೆಡ್ಡಿಗೆ ಹೋಗ್ತೀನಿ. ಬಳೆ, ಸರ ತೆಗೆದು ಡಬ್ಬಿಗೆ ಹಾಕೋದು, ಜಡೆ ಎತ್ತಿ ತುರುಬು ಕಟ್ಟೋದು, ಸೀರೆ ಅಲ್ಲ, ದುಪಟ್ಟಾ ಇಲ್ದೆ ಚೂಡಿದಾರ, ಮೇಲೊಂದು ಏಪ್ರನ್, ಮುಖ ಪೂರ್ತಿ ಮುಚ್ಚೋ ಶೀಲ್ಡು, ಸ್ಯಾಂಡ್‌ಪೇಪರ್ ಹಿಡಿಯೋವಾಗ ಎನ್95 ಮಾಸ್ಕು. ಕೈಗವಸು ಹಾಕಲ್ಲ, ಹಾಕ್ಬಾರ್ದು, ಎಳ್ಕೊಂಡ್ಬಿಡುತ್ತೆ. ಉಳಿಗೆ ಸಾಣೆ. ಮರ ಸಿಕ್ಕಿಸಿ ಎಲ್ಲೂ ತಗಲಲ್ಲ ಅಂತ ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿ, ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ಸ್ವಿಚ್ ಹಾಕ್ತೀನಿ. ಮೊದಲೆಲ್ಲ ನಮ್ಮೆಜಮಾನ್ರು ಬಾಗಿಲಲ್ಲಿ ನಿಂತು ಕಾವಲು ಕಾಯ್ತಿದ್ರು, ಈಗ ಶೆಡ್ಡಲ್ಲಿ ಬಿದ್ದ ಮರದ ಸುರುಳಿ ಗುಡಿಸಿ ಗಿಡದ ಬುಡಕ್ಕೆ ಹಾಕೋದು ಅವರ ಡ್ಯೂಟಿ.

ಇದರಲ್ಲಿ ದೊಡ್ಡ ಬಟ್ಟಲು ಮಾಡ್ತೀನಿ ಅನ್ನೋರು ತಗೋಬೇಡಿ. ಮೋಟರಿನ ಬೆಲ್ಟನ್ನ ಅತಿ ನಿಧಾನದ ಮೆಟ್ಟಿಲಿಗೆ ಹಾಕಿದ್ರೂ ಕನಿಷ್ಠ ಸ್ಪೀಡೇ ಜಾಸ್ತಿ, ಅಂಕುಡೊಂಕು ಮರ ಸಿಕ್ಕಿಸಿದ್ರೆ ಬೆಂಚ್ ಸಮೇತ ಕುಣಿಯುತ್ತೆ. ನಾನು ಬೆಂಚಿನ ಕೆಳಗೆ ಮರಳಿನ ಚೀಲ ಹೇರಿದ್ಮೇಲೆ ಎಷ್ಟೋ ಕಮ್ಮಿ ಆಗಿದೆ. ನನ್ನ ಕೆಲಸ ಬುಗುರಿ, ಕುಂಕುಮದ ಭರಣಿ, ಲಟ್ಟಣಿಗೆ, ಮಗುವಿನ ಗಿಲಕಿ, ಇಷ್ಟೇ, ಅದಕ್ಕೆ ಧಾರಾಳ. ಲಟ್ಟಣಿಗೆಗೆ ಅರಗು ಹಿಡಿಕೆಗೆ ಮಾತ್ರ. ಅರಗಿನ ಸಾಮಾನಿನ ಮೇಲೆ ಬಿಸಿ ಪಾತ್ರೆ ಇಡ್ಬೇಡಿ ಅಂತ ಕೊಡೋವಾಗಲೇ ಹೇಳ್ಬಿಡಿ, ಮೆತ್ತಗಾಗಿ ಅಂಟ್ಕೊಳ್ಳುತ್ತೆ.

ಐದಕ್ಕೆ ಮೂರೂವರೆ ಸ್ಟಾರ್. ಒಂದು ಕಟ್ ಮಾಡಿದ್ದು ಟೂಲ್ ರೆಸ್ಟಿಗೆ, ಅರ್ಧ ಆ "ನಾರ್ಮಲ್ ಇದೆ ಮೇಡಂ"ಗೆ. ಚಕ್ (ಮರನ ಕಚ್ಚಿ ಹಿಡಿಯೋ ಹಿಡಿಕೆ) ಬೇರೆ ತಗೊಳ್ಳೋರು ಮೊದಲು ಅದನ್ನ ಸಿಕ್ಕಿಸೋ ತಿರುಗುವ ಸ್ಪಿಂಡಲ್ಲಿನ ಥ್ರೆಡ್ ಯಾವ ಸೈಜು ಅಂತ ಅಳೆದು ನೋಡಿ, ಒಂದೇ ಥರ ಕಾಣೋ ಮೆಷಿನ್‌ಗಳಲ್ಲೂ ಅದು ಬೇರೆಬೇರೆ ಇರುತ್ತೆ.