ಯೂನಿ-ಟಿ ಯುಟಿ210ಇ ಕ್ಲಾಂಪ್ ಮೀಟರ್: ಬ್ಯಾಟ್ರಿ ಕೂರೋ ಗಾಡಿಗಳಿಗೆ ಇದು ಸಾಕಾ?

ತೀರ್ಪು ಮೊದಲೇ ಹೇಳಿಬಿಡ್ತೀನಿ. ಕಾರು, ಟ್ರ್ಯಾಕ್ಟರ್, ಟಾಟಾ ಏಸ್ ವೈರಿಂಗ್ ಕೆಲಸ ಮಾಡೋರು ಒಂದೇ ಒಂದು ಮೀಟರ್ ಹೊಸದಾಗಿ ತಗೊಳ್ಳೋದಾದ್ರೆ, ಕೇಬಲ್ ಬಿಚ್ಚದೆ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋ ಇದನ್ನ ತಗೊಳ್ಳಿ. ಸ್ಟಾರ್ಟರ್ ಮೋಟರ್ ಎಷ್ಟು ಎಳೀತದೆ ನೋಡ್ಬೇಕು ಅನ್ನೋರಿಗೆ ಇದು ಆಗಲ್ಲ, ಬೇರೆ ನೋಡ್ಕೊಳ್ಳಿ.

ಮಂಡ್ಯದಲ್ಲಿ, ಗುತ್ತಲು ರಸ್ತೆ ಕಡೆ, ನನ್ನದೊಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿ. ಕಬ್ಬು ಅರೆಯೋ ಕಾಲ ಬಂತು ಅಂದ್ರೆ ಅಂಗಡಿ ಮುಂದೆ ಟ್ರ್ಯಾಕ್ಟರ್‌ಗಳೇ. ಹಿಂದೆ ಮುಂದೆ ಎಲ್ಇಡಿ ಪಟ್ಟಿ, ಮಡ್‌ಗಾರ್ಡ್ ಮೇಲೆ ಎರಡೆರಡು ಸ್ಪೀಕರ್, ಆಂಪ್ಲಿಫೈಯರ್. ಫ್ಯಾಕ್ಟ್ರಿ ಗೇಟ್ ಹತ್ರ ಸರದಿಯಲ್ಲಿ ಇಂಜಿನ್ ಆಫ್ ಮಾಡಿ ರಾತ್ರಿಯೆಲ್ಲಾ ಹಾಡು ಹಾಕ್ಕೊಂಡ್ರೆ ಬ್ಯಾಟ್ರಿ ಕೂರದೆ ಇನ್ನೇನಾಗ್ತದೆ? ಆದ್ರೆ ಅದು ಗೊತ್ತಿರೋ ಕಾಯಿಲೆ. ನಿಜವಾದ ತಲೆನೋವು ಬೇರೆ ಥರದ್ದು: ಎಲ್ಲಾ ಆಫ್ ಮಾಡಿ ಕೀ ತೆಗೆದು ಮಲಗಿದ್ರೂ ಮೂರ್ನಾಲ್ಕು ದಿನದಲ್ಲಿ ಬ್ಯಾಟ್ರಿ ಸಪ್ಪಗಾಗೋದು. ಎಲ್ಲೋ ಕರೆಂಟ್ ಸೋರ್ತಿದೆ. ಎಷ್ಟು, ಯಾವ ದಾರೀಲಿ ಅನ್ನೋದು ಪ್ರಶ್ನೆ.

ನಮ್ಮ ಕಡೆ ಇದಕ್ಕೆ ಹಳೇ ಔಷಧಿ ಟೆಸ್ಟ್ ಲ್ಯಾಂಪು. ನೆಗೆಟಿವ್ ಕೇಬಲ್ ಬಿಚ್ಚಿ ಮಧ್ಯೆ ಬಲ್ಬ್ ಹಿಡಿಯೋದು, ಉರಿದ್ರೆ ಸೋರಿಕೆ ಇದೆ. 5 ವ್ಯಾಟ್ ಬಲ್ಬ್ ಪೂರ್ತಿ ಉರಿಯೋಕೆ ಸುಮಾರು 0.4 ಆಂಪಿಯರ್ ಬೇಕು. 0.1 ಆಂಪಿಯರ್ ಹರಿದ್ರೆ ಹಗಲು ಹೊತ್ತು ತಂತಿ ಕೆಂಪಾಗಿದ್ದೇ ಕಾಣಲ್ಲ. ಆದ್ರೆ ಆ 0.1 ಆಂಪಿಯರ್ ದಿನಕ್ಕೆ 2.4 ಆಂಪಿಯರ್-ಅವರ್ ತಿಂದಿರ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟ್ರಿಗೆ ಅದು ಕಮ್ಮಿ ಏನಲ್ಲ. ಎಲ್ಲಾ ಆಫ್ ಆಗಿ ಮಲಗಿರೋ ಕಾರು ಸಾಮಾನ್ಯವಾಗಿ 50 ಮಿಲಿಆಂಪ್, ಅಂದ್ರೆ 0.05 ಆಂಪಿಯರ್ ಒಳಗಿರ್ಬೇಕು.

ಇನ್ನು ಮಾಮೂಲಿ ಮಲ್ಟಿಮೀಟರ್‌ನ ಸೀರೀಸ್‌ನಲ್ಲಿ, ಅಂದ್ರೆ ಬಿಚ್ಚಿದ ಕೇಬಲ್ ಮಧ್ಯೆ ಹಾಕೋದು. ಹಳೇ ಜೀಪು, ಟ್ರ್ಯಾಕ್ಟರ್‌ಗೆ ನಡೀತದೆ. ಈಗಿನ ಕಾರಿಗೆ ಅದು ತೂಬು ಕಿತ್ತು ನಾಲೆ ನೀರು ಅಳೆಯೋಕೆ ಹೋದಂಗೆ. ಕೇಬಲ್ ಬಿಚ್ಚಿ ಮತ್ತೆ ಸೇರಿಸಿದ ತಕ್ಷಣ ಒಳಗಿರೋ ಸಣ್ಣ ಕಂಪ್ಯೂಟರ್‌ಗಳು, ಇಂಜಿನ್ ನೋಡ್ಕೊಳ್ಳೋ ಇಸಿಯು, ಲೈಟು ಡೋರು ನೋಡ್ಕೊಳ್ಳೋ ಬಾಡಿ ಕಂಟ್ರೋಲ್ ಮಾಡ್ಯೂಲ್, ಎಲ್ಲಾ ಎದ್ದು ಕೂರ್ತವೆ. ಯಾವುದೋ ಮಾಡ್ಯೂಲ್ ನಿದ್ದೆ ಮಾಡದೆ ಕರೆಂಟ್ ತಿಂತಿತ್ತು ಅಂದ್ಕೊಳ್ಳಿ, ಬಿಚ್ಚಿ ಹಾಕಿದ್ದಕ್ಕೇ ಅದು ರೀಸೆಟ್ ಆಗಿ ಸರಿಹೋಗ್ತದೆ. ಕಾಯಿಲೆ ಕೈಗೆ ಸಿಗದೆ ಜಾರ್ಕೊಳ್ತದೆ, ವಾರ ಬಿಟ್ಟು ವಾಪಸ್ ಬರ್ತದೆ. ಮಿಲಿಆಂಪ್ ಜಾಕ್‌ನಲ್ಲಿ ಪಿನ್ ಇರೋವಾಗ ಯಾರಾದ್ರೂ ಡೋರ್ ತೆಗೆದ್ರಂತೂ ಮೀಟರ್ ಒಳಗಿನ ಫ್ಯೂಸೇ ಹೋಯ್ತು.

ಅದಕ್ಕೇ ಕ್ಲಾಂಪು. ಏನೂ ಬಿಚ್ಚೋ ಹಾಗಿಲ್ಲ, ಕೇಬಲ್ ಸುತ್ತ ಬಾಯಿ ಕಚ್ಚಿಸಿದ್ರೆ ಆಯ್ತು. ಆದ್ರೆ ಅಂಗಡೀಲಿ ಕ್ಲಾಂಪ್ ಮೀಟರ್ ಕೊಡಿ ಅಂದ್ರೆ ಮನೆ ವೈರಿಂಗ್‌ನೋರು ಬಳಸೋ ಎಸಿ ಮೀಟರ್ ಕೈಗಿಡ್ತಾರೆ. ಅದು ಗಾಡಿಗೆ ಪ್ರಯೋಜನ ಇಲ್ಲ, ಒಳಗೆ ಬರೀ ಕಾಯಿಲ್ ಇರ್ತದೆ, ಬ್ಯಾಟ್ರಿಯಿಂದ ಬರೋ ಡಿಸಿ ಅದಕ್ಕೆ ಕಾಣ್ಸಲ್ಲ. ಡಿಸಿ ಬೇಕಂದ್ರೆ ಆಯಸ್ಕಾಂತ ಕ್ಷೇತ್ರ ಅಳೆಯೋ ಹಾಲ್ ಸೆನ್ಸರ್ ಇರ್ಬೇಕು. ಯುಟಿ210ಇ ತಗೊಳ್ಳೋಕೆ ಕಾರಣ ಒಂದೇ: ಇದರಲ್ಲಿ 2 ಆಂಪಿಯರ್ ಡಿಸಿ ರೇಂಜ್ ಇದೆ, 1 ಮಿಲಿಆಂಪ್‌ವರೆಗೆ ಓದ್ತದೆ. ಮೇಲೆ 20, 100 ಆಂಪಿಯರ್ ರೇಂಜ್. ಅಂಗೈಯಲ್ಲಿ ಹಿಡಿಯೋ ಗಾತ್ರ, ಎರಡು ಎಎಎ ಸೆಲ್. ಬಾಯಿ 17 ಮಿಲಿಮೀಟರ್ ತೆರೀತದೆ. ಹೆಚ್ಚಿನ ಡಿಸಿ ಕ್ಲಾಂಪ್‌ಗಳು 40, 400 ಅಂತ ದೊಡ್ಡ ರೇಂಜ್‌ನಿಂದಲೇ ಶುರು ಆಗ್ತವೆ. ಅವುಗಳಲ್ಲಿ 50 ಮಿಲಿಆಂಪ್ ಹುಡುಕೋಕೆ ಹೋದ್ರೆ ಕೊನೇ ಅಂಕಿ ಕುಣಿಯೋದು ನೋಡ್ಕೊಂಡು ಕೂರ್ಬೇಕು ಅಷ್ಟೆ.

ಈಗ ಮುಖ್ಯ ವಿಚಾರ. "ಮೀಟರ್ ಸುಳ್ಳು ತೋರಿಸ್ತದೆ" ಅಂತ ದೂರೋರಲ್ಲಿ ಮುಕ್ಕಾಲು ಜನ ಜೀರೋ ಬಟನ್ ಸರಿಯಾಗಿ ಒತ್ತಿರಲ್ಲ. ಹಾಲ್ ಸೆನ್ಸರ್ ನೋಡೋದು ಆಯಸ್ಕಾಂತ ಕ್ಷೇತ್ರಾನ. ಅದು ವೈರಿಂದ ಬಂತಾ, ಭೂಮಿದಾ, ಪಕ್ಕದ ಸ್ಪೀಕರ್ ಮ್ಯಾಗ್ನೆಟ್‌ದಾ ಅಂತ ಅದಕ್ಕೆ ಭೇದ ಇಲ್ಲ. ಜೊತೆಗೆ ಹಿಂದಿನ ಸಲ ದೊಡ್ಡ ಕರೆಂಟ್ ಅಳೆದಿದ್ರೆ ಬಾಯಿಯ ಕೋರ್‌ನಲ್ಲೂ ಚೂರು ಕಾಂತತ್ವ ಉಳ್ಕೊಂಡಿರ್ತದೆ. ಆದ್ದರಿಂದ ಬೆಂಚ್ ಮೇಲೆ ಜೀರೋ ಮಾಡಿ ಬಾನೆಟ್ ಒಳಗೆ ತಗೊಂಡೋದ್ರೆ ಆಗಲ್ಲ. ಯಾವ ಕೇಬಲ್‌ಗೆ ಹಾಕ್ತೀರೋ ಅದರ ಪಕ್ಕದಲ್ಲೇ, ಯಾವ ದಿಕ್ಕಿಗೆ ಹಿಡೀತೀರೋ ಅದೇ ದಿಕ್ಕಿಗೆ ಬಾಯಿ ಮುಚ್ಚಿ, ವೈರ್ ಇಲ್ಲದೆ ಜೀರೋ ಒತ್ತಿ, ಆಮೇಲೆ ಕಚ್ಚಿಸಿ.

ಅನುಮಾನ ಬಂದ್ರೆ ನಾನು ಇನ್ನೊಂದು ಮಾಡ್ತೀನಿ. ಮೊದಲ ಓದು ಬರ್ಕೊಂಡು, ಕ್ಲಾಂಪ್ ತಿರುಗಿಸಿ ಉಲ್ಟಾ ಹಾಕ್ತೀನಿ. ಒಂದು ಕಡೆ 0.062 ಬಂತು, ಉಲ್ಟಾ ಹಾಕಿದಾಗ ಮೈನಸ್ 0.040 ಬಂತು ಅಂದ್ರೆ ಗುರುತು ಬಿಟ್ಟು ಎರಡನ್ನೂ ಕೂಡಿ ಅರ್ಧ ಮಾಡಿದ್ರೆ 51 ಮಿಲಿಆಂಪ್. ಮಿಕ್ಕ 11 ಮೀಟರ್‌ದೇ ತಪ್ಪು. ತೆಳ್ಳನೆ ವೈರಾಗಿದ್ದು ಉದ್ದ ಸಿಕ್ಕಿದ್ರೆ ಬಾಯೊಳಗೆ ಐದು ಸುತ್ತು ಸುತ್ತಿ, ಬಂದ ಓದನ್ನ ಐದರಿಂದ ಭಾಗಿಸಿ. ತಪ್ಪೂ ಐದನೇ ಒಂದು ಭಾಗಕ್ಕೆ ಇಳೀತದೆ. ಕಂಪನಿ ಹೇಳೋ ನಿಖರತೆ ಶೇಕಡಾ 2ರ ಸುಮಾರು, ಅದರ ಮೇಲೆ ಕೊನೇ ಅಂಕಿಗಳ ಏರುಪೇರು ಬೇರೆ. ಸಣ್ಣ ಕರೆಂಟ್‌ನಲ್ಲಿ ಆ ಶೇಕಡಾ ಲೆಕ್ಕಕ್ಕಿಲ್ಲ, ಕೊನೇ ಅಂಕಿಗಳೇ ಆಟ ಆಡ್ಸೋದು.

ಇತ್ತೀಚೆಗೆ ಬಂದ ಒಂದು ಕಾರಿನ ಕತೆ ಹೇಳ್ತೀನಿ. ಮೈಸೂರಿನೋರು, ಅಲ್ಲೇ ಯಾವುದೋ ಗ್ಯಾರೇಜ್‌ನಲ್ಲಿ ಎರಡು ಸಲ ಬ್ಯಾಟ್ರಿ ಬದಲಾಯಿಸಿಕೊಂಡು ಬಂದಿದ್ರು. ಬಾನೆಟ್ ತೆಗೆದು, ಅದರ ಲಾಕನ್ನ ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ಮುಚ್ಚಿದಂಗೆ ಮಾಡಿದೆ, ಇಲ್ಲಾಂದ್ರೆ ಬಾನೆಟ್ ತೆಗೆದಿದೆ ಅಂತ ಗಾಡಿ ಮಲಗೋದೇ ಇಲ್ಲ. ಡೋರ್ ಲಾಕ್ ಮಾಡಿ ಕೀನ ಎದುರಿನ ಟೀ ಅಂಗಡೀಗೆ ಓನರ್ ಜೊತೆ ಕಳಿಸ್ದೆ. ಹತ್ತಿರ ಇದ್ರೆ ಕೀ ಕೂಡ ಗಾಡೀನ ಎಬ್ಬಿಸ್ತದೆ. ಬ್ಯಾಟ್ರಿ ನೆಗೆಟಿವ್‌ನಿಂದ ಹೊರಡೋ ಎಲ್ಲಾ ಕೇಬಲ್ ಒಟ್ಟಿಗೆ ಕ್ಲಾಂಪ್ ಒಳಗೆ. ಒಂದು ಹೊರಗೆ ಉಳಿದ್ರೂ ಲೆಕ್ಕ ತಪ್ತದೆ. ಮೊದಲು 4 ಆಂಪಿಯರ್ ಚಿಲ್ಲರೆ, ಲಾಕ್ ಆದ್ಮೇಲೆ 1.2, ಆಮೇಲೆ ಮೆಟ್ಟಿಲು ಇಳಿದಂಗೆ ಇಳಿದು 0.31ಕ್ಕೆ ನಿಂತ್ಕೊಳ್ತು. ಅರ್ಧ ಗಂಟೆ ಆದ್ರೂ ಅಲ್ಲಿಂದ ಕೆಳಗಿಳೀಲಿಲ್ಲ.

ಒಟ್ಟು ಎಷ್ಟು ಅಂತ ಗೊತ್ತಾಯ್ತು, ಯಾವ ಸರ್ಕ್ಯೂಟ್ ಅಂತ ಕ್ಲಾಂಪ್ ಹೇಳಲ್ಲ. ಫ್ಯೂಸ್ ಒಂದೊಂದಾಗಿ ಕಿತ್ತು ನೋಡೋದು ಎಲ್ಲರೂ ಮಾಡೋ ಕೆಲಸ, ಆದ್ರೆ ಕಿತ್ತು ಹಾಕಿದ್ರೆ ಮತ್ತೆ ಅದೇ ಕತೆ, ಮಾಡ್ಯೂಲ್ ಎದ್ದು ಕೂರ್ತದೆ. ಬ್ಲೇಡ್ ಫ್ಯೂಸ್‌ನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣ್ತವಲ್ಲ, ಅವು ಇರೋದೇ ಅಳೆಯೋಕೆ. ಫ್ಯೂಸ್ ಒಳಗಿನ ತಂತೀನೇ ಒಂದು ಸಣ್ಣ ಶಂಟ್, ಅಂದ್ರೆ ಗೊತ್ತಿರೋ ಚಿಕ್ಕ ರೆಸಿಸ್ಟೆನ್ಸ್; ಅದರ ಮೇಲೆ ಬರೋ ವೋಲ್ಟೇಜ್ ನೋಡಿ ಕರೆಂಟ್ ಲೆಕ್ಕ ಹಾಕಬಹುದು. ಕೆಂಪು 10 ಆಂಪಿಯರ್ ಫ್ಯೂಸ್‌ಗೆ ಸುಮಾರು 7ರಿಂದ 8 ಮಿಲಿಓಮ್ ರೆಸಿಸ್ಟೆನ್ಸ್, ಹಳದಿ 20ಕ್ಕೆ 3ರ ಆಸುಪಾಸು. ಈ ಕೆಲಸಕ್ಕೆ 0.01 ಮಿಲಿವೋಲ್ಟ್ ಓದೋ ಇನ್ನೊಂದು ಮಲ್ಟಿಮೀಟರ್ ಬೇಕು. ಎಲ್ಲಾ ಫ್ಯೂಸ್ ಮೇಲೂ ಪಿನ್ ಇಟ್ಕೊಂಡು ಹೋದೆ, ಸೊನ್ನೆ, ಸೊನ್ನೆ, ಒಂದು ಕೆಂಪು ಫ್ಯೂಸ್ ಮೇಲೆ 2.3 ಮಿಲಿವೋಲ್ಟ್. 7.5 ಮಿಲಿಓಮ್ ಲೆಕ್ಕಕ್ಕೆ 0.3 ಆಂಪಿಯರ್ ಚಿಲ್ಲರೆ, ಕ್ಲಾಂಪ್ ಹೇಳಿದ್ದಕ್ಕೆ ತಾಳೆ ಆಯ್ತು. ಹೊರಗೆ ಹಾಕಿಸಿದ್ದ ಆಂಪ್ಲಿಫೈಯರ್‌ನ ಆನ್ ಮಾಡೋ ರಿಮೋಟ್ ವೈರ್‌ನ ಸ್ಟೀರಿಯೋಗೆ ಕೊಡೋ ಬದಲು ನೇರ ಬ್ಯಾಟ್ರಿ ಲೈನ್‌ಗೆ ಕೊಟ್ಟಿದ್ರು, ಕೀ ತೆಗೆದ್ರೂ ಅದು ಎದ್ದೇ ಇರ್ತಿತ್ತು. ದಿನಕ್ಕೆ 7 ಆಂಪಿಯರ್-ಅವರ್ ಮೇಲೆ ಹೋಗ್ತಿತ್ತು. ಎರಡು ಹೊಸ ಬ್ಯಾಟ್ರಿ ದುಡ್ಡು ದಂಡ.

ಟ್ರ್ಯಾಕ್ಟರ್‌ಗಳಲ್ಲಿ ಈ ಮೀಟರ್ ಉಪಯೋಗಕ್ಕೆ ಬರೋದು ಬೇರೆ ರೀತಿ. ಫ್ಯೂಸ್ ಪದೇ ಪದೇ ಹೋಗ್ತದೆ ಅಂತ 15ರ ನೀಲಿ ಜಾಗಕ್ಕೆ 30ರ ಹಸಿರು ಹಾಕ್ಕೊಂಡು ಬರ್ತಾರೆ. ಕೇಳಿದ್ರೆ "ಈಗ ಹೋಗ್ತಿಲ್ಲ ಕಣಣ್ಣ" ಅಂತಾರೆ. ಫ್ಯೂಸ್ ಹೋಗ್ತಿಲ್ಲ, ಸರಿ, ವೈರ್ ಹೋಗ್ತದೆ. ಫ್ಯೂಸ್ ಇರೋದು ಲೈಟ್ ಕಾಯೋಕಲ್ಲ, ವೈರ್ ಕಾಯೋಕೆ. ಇನ್ನೊಂದು, 15 ಅಂತ ಬರೆದಿದ್ರೆ 15 ದಾಟಿದ ಕೂಡಲೇ ಫ್ಯೂಸ್ ಸುಡ್ತದೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಬ್ಲೇಡ್ ಫ್ಯೂಸ್ ತನ್ನ ಅಳತೆಯ ಶೇಕಡಾ 110ನ್ನ ನೂರು ಗಂಟೆ ಹೊರಬೇಕು ಅಂತಲೇ ನಿಯಮ. ಶೇಕಡಾ 135ಕ್ಕೆ 10 ನಿಮಿಷದವರೆಗೂ ಸಮಯ ತಗೋಬಹುದು. ಎರಡರಷ್ಟಾದ್ರೆ ಮಾತ್ರ 5 ಸೆಕೆಂಡ್ ಒಳಗೆ ಸುಡ್ತದೆ. ಅಂದ್ರೆ ಅಂದಾಜಲ್ಲಿ ಫ್ಯೂಸ್ ಆರಿಸೋ ಹಾಗಿಲ್ಲ, ನಿಜವಾಗಿ ಹರಿಯೋ ಕರೆಂಟ್ ಗೊತ್ತಿರ್ಬೇಕು. ಹಾಗೆ ಬಂದ ಒಂದು ಟ್ರ್ಯಾಕ್ಟರ್‌ನಲ್ಲಿ ಎಲ್ಲಾ ಲೈಟ್ ಹಾಕಿ ಕ್ಲಾಂಪ್ ಇಟ್ರೆ 17 ಆಂಪಿಯರ್, ತೆಳ್ಳಗಿನ ಒಂದೇ ವೈರ್ ಮೇಲೆ. ಲೋಡ್ ಫ್ಯೂಸ್‌ನ ಮುಕ್ಕಾಲು ಭಾಗ ದಾಟಬಾರದು ಅನ್ನೋ ಲೆಕ್ಕದಲ್ಲಿ 25ರ ಫ್ಯೂಸ್, ರಿಲೇ, 4 ಚದರ ಮಿಲಿಮೀಟರ್‌ನ ಬೇರೆ ವೈರ್ ಎಳೆದುಕೊಟ್ಟೆ. ಡ್ರೈವರ್‌ಗೆ ಖುಷಿಯಾಗಿದ್ದು ಲೈಟ್ ಬೆಳಕು ಜಾಸ್ತಿ ಆಗಿದ್ದಕ್ಕೆ, ಫ್ಯೂಸ್ ವಿಚಾರ ಅವನಿಗೆ ಬೇಕಿರಲಿಲ್ಲ!

ಹೊಸ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೇ ಒಂದು ಸೆನ್ಸರ್ ಕೂತಿರ್ತದೆ, ಐಬಿಎಸ್ (ಇಂಟೆಲಿಜೆಂಟ್ ಬ್ಯಾಟ್ರಿ ಸೆನ್ಸರ್) ಅಂತಾರೆ. ಅದರೊಳಗಿರೋದು ಸಾಮಾನ್ಯವಾಗಿ 100 ಮೈಕ್ರೋಓಮ್ ಶಂಟ್. 50 ಮಿಲಿಆಂಪ್ ಹರಿದ್ರೆ ಅದರ ಮೇಲೆ ಬರೋದು 5 ಮೈಕ್ರೋವೋಲ್ಟ್, ಅಷ್ಟನ್ನೂ ಅಳೀತದೆ ಅಂದ್ರೆ ಮೆಚ್ಚಲೇಬೇಕು. ಶಂಟ್‌ಗೆ ತಾಮ್ರ ಹಾಕಲ್ಲ, ತಾಮ್ರದ ರೆಸಿಸ್ಟೆನ್ಸ್ 10 ಡಿಗ್ರಿ ಬಿಸಿಗೆ ಸುಮಾರು ಶೇಕಡಾ 4 ಏರ್ತದೆ, ಬಾನೆಟ್ ಒಳಗಿನ ಕಾವಿಗೆ ಲೆಕ್ಕವೇ ಹಾಳು. ಮ್ಯಾಂಗನಿನ್ ಥರದ ಮಿಶ್ರಲೋಹ ಹಾಕ್ತಾರೆ, ಬಿಸಿಗೆ ಅದು ಹೆಚ್ಚೂಕಮ್ಮಿ ಅಲುಗಲ್ಲ. ಇಂಥ ಗಾಡಿಗೆ ಆಂಪ್ಲಿಫೈಯರ್ ಅರ್ಥ್, ಚಾರ್ಜರ್‌ನ ನೆಗೆಟಿವ್ ಕ್ಲಿಪ್ ಯಾವುದನ್ನೂ ನೇರ ಬ್ಯಾಟ್ರಿಯ ನೆಗೆಟಿವ್ ಪೋಸ್ಟ್‌ಗೆ ಕೊಡ್ಬೇಡಿ, ಗಾಡಿಯ ಬಾಡಿ ಲೋಹಕ್ಕೆ ಕೊಡಿ. ಪೋಸ್ಟ್‌ಗೆ ಕೊಟ್ರೆ ಆ ಕರೆಂಟ್ ಸೆನ್ಸರ್ ದಾಟದೆ ಹೋಗ್ತದೆ, ಬ್ಯಾಟ್ರೀಲಿ ಎಷ್ಟು ಉಳಿದಿದೆ ಅನ್ನೋ ಲೆಕ್ಕ ಗಾಡಿಗೆ ತಪ್ತದೆ.

ಈ ಮೀಟರ್‌ನಲ್ಲಿ ಆಗದೇ ಇರೋದೂ ಇದೆ. 100 ಆಂಪಿಯರ್ ಮೇಲೆ ಓದಲ್ಲ. ಡೀಸೆಲ್ ಟ್ರ್ಯಾಕ್ಟರ್ ಸ್ಟಾರ್ಟರ್ ಕೆಲವು ನೂರು ಆಂಪಿಯರ್ ಎಳೀತದೆ, ಅಲ್ಲಿ ಇದನ್ನ ಹಾಕೋಕೇ ಹೋಗ್ಬೇಡಿ, ಕೋರ್‌ನಲ್ಲಿ ಕಾಂತತ್ವ ಉಳಿದು ಮುಂದಿನ ಮಿಲಿಆಂಪ್ ಓದು ಕೆಡ್ತದೆ. ದಪ್ಪ ಬ್ಯಾಟ್ರಿ ಕೇಬಲ್ ಎರಡು ಮೂರು ಒಟ್ಟಿಗೆ ಇದ್ರೆ ಬಾಯಿ ಮುಚ್ಚಲ್ಲ, ಬಾಯಿ ಪೂರ್ತಿ ಮುಚ್ಚದೆ ಬಂದ ಓದನ್ನ ನಂಬೋ ಹಾಗಿಲ್ಲ. ಬಲ್ಬ್ ಹತ್ತೋ ಮೊದಲ ಕ್ಷಣದ ಕರೆಂಟ್ ಹಿಡಿಯೋ ವ್ಯವಸ್ಥೆ ಇಲ್ಲ. ತಣ್ಣಗಿರೋ ಹ್ಯಾಲೊಜೆನ್ ತಂತಿ ಆಗ ಮಾಮೂಲಿಗಿಂತ ಹತ್ತರಷ್ಟು ಎಳೀತದೆ, ಅದನ್ನ ನೋಡ್ಬೇಕಂದ್ರೆ ಆ ಮೊದಲ ಕ್ಷಣ ಹಿಡಿಯೋ ಬೇರೆ ಮೀಟರ್, ಇಲ್ಲಾ ಆಸಿಲ್ಲೋಸ್ಕೋಪ್‌ನ ಕರೆಂಟ್ ಪ್ರೋಬ್ ಬೇಕು. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಹತ್ರ ಇದನ್ನಲ್ಲ, ತರಬೇತಿ ಇಲ್ಲದೆ ಯಾವ ಮೀಟರ್‌ನೂ ತಗೊಂಡೋಗ್ಬೇಡಿ.

ಬೆಲೆ ಸಾದಾ ಮಲ್ಟಿಮೀಟರ್‌ಗಿಂತ ಜಾಸ್ತಿ. ತಗೊಳ್ಳೋವಾಗ ಕೊನೇ ಅಕ್ಷರ ನೋಡಿ. ಇದೇ ಸಾಲಿನ ಎ, ಬಿ ಅಂತ ಬರೋವು ಎಸಿ ಕರೆಂಟ್ ಮಾತ್ರ ಅಳೀತವೆ, ನೋಡೋಕೆ ಎಲ್ಲಾ ಒಂದೇ ಥರ ಇರ್ತವೆ.