ರೆಟಿನಾ ಚಿಕಿತ್ಸೆ ಆದ ಕಣ್ಣಿಗೆ ಪೊರೆ ಆಪರೇಷನ್: ಬಳ್ಳಾರಿಯ ಒಂದು ಪ್ಯಾಕೇಜ್ ಹೇಗಿದೆ?

ಬಳ್ಳಾರಿಯ ಖಾಸಗಿ ಕಣ್ಣಾಸ್ಪತ್ರೆಯೊಂದರ ಪೊರೆ ಪ್ಯಾಕೇಜ್ ಇದು. ರೆಟಿನಾಗೆ, ಅಂದರೆ ಕಣ್ಣಿನ ಹಿಂಬದಿಯ ಪರದೆಗೆ, ಮೊದಲೇ ಲೇಸರ್, ಕಣ್ಣೊಳಗಿನ ಇಂಜೆಕ್ಷನ್ ಇಲ್ಲವೇ ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆ ತೆಗೆಯುವ ಆಪರೇಷನ್) ಆದವರಿಗೆ ಇದು ಸಾಲುತ್ತದೆಯೇ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ವಿಟ್ರೆಕ್ಟಮಿ ಆದ, ಐವತ್ತು ದಾಟಿದ ಹೆಚ್ಚಿನವರಿಗೆ ಎರಡು ವರ್ಷದೊಳಗೆ ಪೊರೆ ಬಲಿಯುತ್ತದೆ.

ಅಳತೆಯ ಕೆಲಸ ಚೆನ್ನಾಗಿದೆ. ಕಣ್ಣಿನ ಉದ್ದವನ್ನು ಬೆಳಕಿನ ಯಂತ್ರದಲ್ಲೇ ಅಳೆಯುತ್ತಾರೆ. ಲೋಳೆ ತೆಗೆದ ಜಾಗದಲ್ಲಿ ರೆಟಿನಾ ಹಿಡಿದಿಡಲು ತುಂಬಿದ ಸಿಲಿಕಾನ್ ಎಣ್ಣೆ ಕಣ್ಣೊಳಗೆ ಇದ್ದವರಿಗೆ ಇದು ಬಹಳ ಮುಖ್ಯ. ಶಬ್ದ ಸಹಜ ಲೋಳೆಯಲ್ಲಿ ಸೆಕೆಂಡಿಗೆ 1532 ಮೀಟರ್ ಸಾಗಿದರೆ ಎಣ್ಣೆಯಲ್ಲಿ ಸುಮಾರು 980 ಮೀಟರ್ ಮಾತ್ರ. ಶಬ್ದದಿಂದ ಉದ್ದ ಅಳೆಯುವ ಸಾಮಾನ್ಯ ಎ-ಸ್ಕ್ಯಾನ್ ಇದನ್ನು ಲೆಕ್ಕಿಸದಿದ್ದರೆ ಕಣ್ಣು ಇರುವುದಕ್ಕಿಂತ ಉದ್ದ ತೋರುತ್ತದೆ, ಹಾಕುವ ಕೃತಕ ಲೆನ್ಸಿನ ಪವರ್ ಕಡಿಮೆ ಬೀಳುತ್ತದೆ. ಒಂದು ಮಿಲಿಮೀಟರ್ ತಪ್ಪಿದರೂ ಎರಡೂವರೆ-ಮೂರು ಪಾಯಿಂಟ್ ಕನ್ನಡಕ ಉಳಿದುಬಿಡುತ್ತದೆ. ಎಣ್ಣೆ ಇದೆ ಎಂದು ಕೌಂಟರಿನಲ್ಲೇ ಹೇಳಿ, ಹಳೆಯ ಡಿಸ್ಚಾರ್ಜ್ ಚೀಟಿ ತೋರಿಸಿ. ಯಂತ್ರದ ಸೆಟ್ಟಿಂಗ್ ಬದಲಿಸಬೇಕಾಗುತ್ತದೆ.

ಲೆನ್ಸ್ ಪಟ್ಟಿ ಮಾತ್ರ ಒಪ್ಪುವಂಥದ್ದಲ್ಲ. ಮೇಲಿನ ಸಾಲಿನಲ್ಲೇ ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಇಟ್ಟಿದ್ದಾರೆ. ಅದು ಬೆಳಕನ್ನು ಹಂಚುತ್ತದೆ. ಮ್ಯಾಕುಲಾ (ರೆಟಿನಾದ ನಡುಭಾಗ) ಮೊದಲೇ ಸೊರಗಿದ ಕಣ್ಣಿಗೆ ಅಕ್ಷರ ಇನ್ನಷ್ಟು ಮಂಕಾಗುತ್ತದೆ. ಹೆಚ್ಚು ದುಡ್ಡು ಕೊಟ್ಟು ಕಡಿಮೆ ನೋಟ ಕೊಳ್ಳಬೇಡಿ. ನೀರು ಹೀರದ ಅಕ್ರಿಲಿಕ್ (ಹೈಡ್ರೋಫೋಬಿಕ್), ಒಂದೇ ದೂರಕ್ಕೆ ಹೊಂದುವ ಮೋನೋಫೋಕಲ್ ಸಾಕು. ಸಿಲಿಕಾನ್ ಲೆನ್ಸ್ ಬೇಡವೇ ಬೇಡ, ಎಣ್ಣೆ ಅದಕ್ಕೆ ಅಂಟಿ ಕೂರುತ್ತದೆ.

ಆಪರೇಷನ್ ಮಾಡುವವರಿಗೆ ವಿಟ್ರೆಕ್ಟಮಿ ಆದ ಕಣ್ಣಿನ ಅನುಭವ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಹಿಂದೆ ಆಧಾರವಾಗಿದ್ದ ಲೋಳೆ ಹೋಗಿರುವುದರಿಂದ, ಆಪರೇಷನ್ ವೇಳೆ ಬಾಟಲಿಯಿಂದ ಕಣ್ಣೊಳಗೆ ಬಿಡುವ ನೀರಿನ ಒತ್ತಡಕ್ಕೆ ಲೆನ್ಸ್ ದಿಢೀರನೆ ಆಳಕ್ಕೆ ಜಾರುತ್ತದೆ. ಬಾಟಲಿ ಎತ್ತರ ತಗ್ಗಿಸಿ, ಪಾಪೆಯ ಅಂಚನ್ನು ಸ್ವಲ್ಪ ಎತ್ತಿದರೆ ಸರಿಹೋಗುತ್ತದೆ. ಬರೀ ಡ್ರಾಪ್ಸ್ ಹಾಕಿ ಮರಗಟ್ಟಿಸಿದ್ದರೆ ಆ ಕ್ಷಣ ನೋವು ಜೋರು. ಕಣ್ಣಿನ ಪಕ್ಕ ಕೊಡುವ ಇಂಜೆಕ್ಷನ್ ವಾಸಿ.

ಸಕ್ಕರೆ ಕಾಯಿಲೆಯವರಿಗೆ ಓಸಿಟಿ ಸ್ಕ್ಯಾನ್ (ರೆಟಿನಾದ ಪದರಗಳನ್ನು ಬೆಳಕಿನಿಂದ ತೋರಿಸುವ ಚಿತ್ರ) ಪ್ಯಾಕೇಜಿನ ಹೊರಗೆ ಇಟ್ಟಿರುವುದು ದೊಡ್ಡ ಕೊರತೆ. ಮ್ಯಾಕುಲಾದಲ್ಲಿ ನೀರು ಇದ್ದರೆ ಅದನ್ನು ಮೊದಲು ಇಳಿಸಬೇಕು. ಇನ್ನೊಂದು ಕೊರತೆ, ಒಂದು ತಿಂಗಳಿಗೇ ತಪಾಸಣೆ ಮುಗಿಸುವುದು. ಆಪರೇಷನ್ ನಂತರದ ಮ್ಯಾಕುಲಾ ಊತ ಹೆಚ್ಚು ಕಾಣುವುದು ನಾಲ್ಕರಿಂದ ಆರನೇ ವಾರದಲ್ಲಿ. ಆರನೇ ವಾರದ ಸ್ಕ್ಯಾನ್ ಬರೆಸಿಕೊಂಡೇ ದುಡ್ಡು ಕಟ್ಟಿ. ಸಿರುಗುಪ್ಪದ ಗದ್ದೆಯವರು, ಸಂಡೂರಿನ ಗಣಿ ಧೂಳಿನವರು ಕೆಲಸಕ್ಕೆ ಯಾವಾಗ ಮರಳಬೇಕೆಂದು ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.